ಎಲ್ಲರೂ ಬಳಸುವ ಲ್ಯಾಪ್‌ಟಾಪಿನಲ್ಲಿ ಯಾರದೋ ಫೈಲು: ಡಿಲೀಟ್ ಒತ್ತುವ ಮುಂಚೆ

ಕಲಬುರಗಿಯ ಸೇಡಂ ರಸ್ತೆಯ ಬಾಡಿಗೆ ರೂಮಿನಲ್ಲಿ ಮೂವರಿಗೆ ಒಂದೇ ಲ್ಯಾಪ್‌ಟಾಪ್. ಬೀದರಿನ ಮನೆಯಲ್ಲಿ ಅಕ್ಕನಿಗೆ ಕೊಡಿಸಿದ ಲ್ಯಾಪ್‌ಟಾಪಿನಲ್ಲೇ ತಮ್ಮನ ಆನ್‌ಲೈನ್ ಕ್ಲಾಸು, ಅಪ್ಪನ ಪಹಣಿ, ಓಣಿಯವರ ಅರ್ಜಿ. ಯಾದಗಿರಿಯ ದಾಲ್ ಮಿಲ್ಲಿನ ಆಫೀಸಿನಲ್ಲಿ ಬೆಳಗ್ಗೆ ಒಬ್ಬರು ಕೂರುತ್ತಾರೆ, ಸಂಜೆ ಇನ್ನೊಬ್ಬರು. ಇಂಥ ಲ್ಯಾಪ್‌ಟಾಪುಗಳಲ್ಲಿ ಒಂದಲ್ಲ ಒಂದು ದಿನ ಯಾರೂ ತಮ್ಮದೆನ್ನದ ಫೈಲುಗಳು ಕಾಣಿಸಿಕೊಳ್ಳುತ್ತವೆ. ಆಗ ಕೆಲವರು ಏನಿದೆ ನೋಡೋಣ ಎಂದು ಡಬಲ್ ಕ್ಲಿಕ್ ಮಾಡುತ್ತಾರೆ. ಇನ್ನು ಕೆಲವರು ವೈರಸ್ ಎಂದು ಹೆದರಿ ಶಿಫ್ಟ್ ಒತ್ತಿ ಡಿಲೀಟ್ ಮಾಡಿಬಿಡುತ್ತಾರೆ. ಎರಡೂ ಬೇಡ. ಡಬಲ್ ಕ್ಲಿಕ್ಕಿನಿಂದ ನಿಜವಾದ ವೈರಸ್ ಒಳಗೆ ಬರಬಹುದು. ಶಿಫ್ಟ್-ಡಿಲೀಟ್ ಮಾಡಿದ ಫೈಲು ರೀಸೈಕಲ್ ಬಿನ್‌ಗೂ ಹೋಗುವುದಿಲ್ಲ. ಅದು ಯಾರದೋ 371ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಪ್ರಮಾಣಪತ್ರದ ಸ್ಕ್ಯಾನ್ ಕಾಪಿಯಾಗಿದ್ದರೆ, ದಾಖಲೆ ಪರಿಶೀಲನೆಯ ಹಿಂದಿನ ರಾತ್ರಿ ಅವರು ತಲೆ ಮೇಲೆ ಕೈ ಹೊತ್ತು ಕೂರಬೇಕಾಗುತ್ತದೆ.

ಗೊತ್ತಿಲ್ಲದ ಫೈಲುಗಳಲ್ಲಿ ಬಹುಪಾಲು ವೈರಸ್ ಆಗಿರುವುದಿಲ್ಲ. ಅವು ಮನೆಯವರದೋ ರೂಮಿನವರದೋ ಕಾಗದಪತ್ರ, ಇಲ್ಲವೇ ವಿಂಡೋಸ್ ತಾನೇ ಇಟ್ಟುಕೊಂಡದ್ದು. ಫೈಲು ಯಾವ ಜಾತಿಯದು, ಯಾವಾಗ ಬಂತು, ಎಲ್ಲಿಂದ ಬಂತು ಎಂಬುದನ್ನು ತೆರೆಯದೆಯೇ ತಿಳಿಯಬಹುದು. ಇಲ್ಲಿರುವ ಹಂತಗಳು ವಿಂಡೋಸ್ 10 ಮತ್ತು 11ಕ್ಕೆ.

ಪೂರ್ತಿ ಹೆಸರು ಕಾಣುವಂತೆ ಮಾಡಿ

ವಿಂಡೋಸ್ ಮೊದಲಿನಿಂದಲೂ ಫೈಲಿನ ಹೆಸರಿನ ಬಾಲವನ್ನು ಮರೆಮಾಡಿಯೇ ಇಟ್ಟಿರುತ್ತದೆ. ಮೋಸಗಾರರಿಗೆ ಇದಕ್ಕಿಂತ ಅನುಕೂಲ ಇನ್ನೊಂದಿಲ್ಲ. 'ಮಾರ್ಕ್ಸ್ ಕಾರ್ಡ್.ಪಿಡಿಎಫ್.ಇಎಕ್ಸ್‌ಇ' ಎಂಬ ಫೈಲು ನಿಮಗೆ 'ಮಾರ್ಕ್ಸ್ ಕಾರ್ಡ್.ಪಿಡಿಎಫ್' ಎಂದಷ್ಟೇ ಕಾಣುತ್ತದೆ, ಚಿತ್ರವೂ ಪಿಡಿಎಫ್‌ನದೇ ಇರುತ್ತದೆ. ವಿಂಡೋಸ್ ಕೀ ಜೊತೆಗೆ 'ಇ' ಒತ್ತಿ ಫೈಲ್ ಎಕ್ಸ್‌ಪ್ಲೋರರ್ ತೆರೆಯಿರಿ. ವಿಂಡೋಸ್ 11 ಆದರೆ ಮೇಲಿನ 'ವ್ಯೂ', ಅದರಲ್ಲಿ 'ಶೋ', ಅದರಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್'. ವಿಂಡೋಸ್ 10 ಆದರೆ 'ವ್ಯೂ' ಟ್ಯಾಬಿನಲ್ಲೇ ಅದೇ ಹೆಸರಿನ ಚೌಕವಿದೆ, ಟಿಕ್ ಮಾಡಿ. ಹಂಚಿಕೊಂಡು ಬಳಸುವ ಲ್ಯಾಪ್‌ಟಾಪಿನಲ್ಲಿ ಈ ಟಿಕ್ ಸದಾ ಇರಲಿ.

ಈಗ ಕೊನೆಯ ಚುಕ್ಕೆಯ ಮುಂದಿರುವುದನ್ನು ಮಾತ್ರ ನೋಡಿ. ಪಿಡಿಎಫ್, ಜೆಪಿಜಿ, ಪಿಎನ್‌ಜಿ, ಎಂಪಿ4, ಟಿಎಕ್ಸ್‌ಟಿ ಎಂದಿದ್ದರೆ ಅದು ಓದುವ ಅಥವಾ ನೋಡುವ ಫೈಲು, ಗಾಬರಿ ಬೇಕಿಲ್ಲ. ಇಎಕ್ಸ್‌ಇ, ಎಂಎಸ್‌ಐ, ಬಿಎಟಿ, ವಿಬಿಎಸ್, ಜೆಎಸ್, ಎಸ್‌ಸಿಆರ್ ಎಂದಿದ್ದರೆ ಅದು ಪ್ರೋಗ್ರಾಂ: ಡಬಲ್ ಕ್ಲಿಕ್ ಮಾಡಿದ ಕೂಡಲೇ ಕೆಲಸ ಶುರು ಮಾಡುತ್ತದೆ. ಅದನ್ನು ಇನ್‌ಸ್ಟಾಲ್ ಮಾಡಿದ್ದು ಯಾರು ಎಂದು ಗೊತ್ತಾಗುವ ತನಕ ಮುಟ್ಟಬೇಡಿ. ಡಿಒಸಿಎಂ, ಎಕ್ಸ್‌ಎಲ್‌ಎಸ್‌ಎಂ ಎಂದರೆ ಒಳಗೆ ಮ್ಯಾಕ್ರೊ (ಸಣ್ಣ ಪ್ರೋಗ್ರಾಂ) ಇರುವ ವರ್ಡ್, ಎಕ್ಸೆಲ್ ಫೈಲು. ತೆರೆದಾಗ ಮೇಲೆ ಹಳದಿ ಪಟ್ಟಿಯಲ್ಲಿ 'ಎನೇಬಲ್ ಕಂಟೆಂಟ್' ಎಂದು ಕೇಳಿದರೆ ಒತ್ತಬೇಡಿ.

ಯಾವಾಗ ಬಂತು, ಯಾರ ಹೆಸರಲ್ಲಿ ಬಂತು

ಫೋಲ್ಡರನ್ನು 'ಡೀಟೇಲ್ಸ್' ನೋಟಕ್ಕೆ ತನ್ನಿ. ಮೇಲಿನ ಅಂಕಣಗಳ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಡೇಟ್ ಕ್ರಿಯೇಟೆಡ್' ಸೇರಿಸಿ. ಅಲ್ಲೇ 'ಮೋರ್' ಒತ್ತಿ ಪಟ್ಟಿಯಿಂದ 'ಓನರ್' ಕೂಡ ಸೇರಿಸಿ. ಎಲ್ಲರೂ ಒಂದೇ ಅಕೌಂಟಿನಿಂದ ಒಳಗೆ ಬರುತ್ತಿದ್ದರೆ ಓನರ್ ಅಂಕಣದಲ್ಲಿ ಒಂದೇ ಹೆಸರು ಬರುತ್ತದೆ, ಅದರಿಂದ ಏನೂ ತಿಳಿಯದು. ದಿನಾಂಕಗಳು ಮಾತ್ರ ಬಹಳ ಹೇಳುತ್ತವೆ.

'ಮಾಡಿಫೈಡ್' ದಿನಾಂಕ 'ಕ್ರಿಯೇಟೆಡ್' ದಿನಾಂಕಕ್ಕಿಂತ ಹಳೆಯದಾಗಿದ್ದರೆ ಆಶ್ಚರ್ಯಪಡಬೇಡಿ. ಪೆನ್‌ಡ್ರೈವ್‌ನಿಂದ ಕಾಪಿ ಮಾಡಿದ ಫೈಲಿಗೆ ಹಾಗೇ ಆಗುತ್ತದೆ: ಈ ಲ್ಯಾಪ್‌ಟಾಪಿಗೆ ಕಾಪಿಯಾದ ಗಳಿಗೆ 'ಕ್ರಿಯೇಟೆಡ್', ಮೂಲ ಫೈಲು ಕೊನೆಯದಾಗಿ ಬದಲಾದ ದಿನ 'ಮಾಡಿಫೈಡ್'. ಹಾಗಾಗಿ 'ಕ್ರಿಯೇಟೆಡ್' ನಿನ್ನೆ ಸಂಜೆ 7.40 ಎಂದಿದ್ದರೆ, ನಿನ್ನೆ ಆ ಹೊತ್ತಿಗೆ ಲ್ಯಾಪ್‌ಟಾಪ್ ಮುಂದೆ ಯಾರಿದ್ದರು ಎಂದು ಕೇಳಿದರೆ ಸಾಕು, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಕಾಪಿ ಬದಲು ಕಟ್-ಪೇಸ್ಟ್ ಮಾಡಿದ್ದರೆ ಈ ಲೆಕ್ಕ ನಡೆಯುವುದಿಲ್ಲ, ಹಳೆಯ ದಿನಾಂಕವೇ ಉಳಿದಿರುತ್ತದೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಮದರ್‌ಬೋರ್ಡಿನ ಸಣ್ಣ ಬ್ಯಾಟರಿ ಸತ್ತಿದ್ದರೆ ಗಡಿಯಾರವೇ ಹಿಂದಕ್ಕೆ ಹೋಗಿ, ಇಂದಿನ ಫೈಲಿಗೂ ಎಷ್ಟೋ ವರ್ಷದ ಹಿಂದಿನ ತಾರೀಖು ಬೀಳುತ್ತದೆ. ಅಂಥ ಲ್ಯಾಪ್‌ಟಾಪಿನಲ್ಲಿ ವೆಬ್‌ಸೈಟುಗಳೂ ಸರ್ಟಿಫಿಕೇಟ್ ಸರಿಯಿಲ್ಲ ಎಂದು ತಕರಾರು ತೆಗೆಯುತ್ತವೆ. ಎರಡಕ್ಕೂ ಕಾರಣ ಒಂದೇ, ಬ್ಯಾಟರಿ ಬದಲಿಸಿ.

ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಪ್ರಾಪರ್ಟೀಸ್' ತೆರೆಯಿರಿ. ಕೆಳಗಡೆ ಈ ಫೈಲು ಬೇರೆ ಕಂಪ್ಯೂಟರಿನಿಂದ ಬಂದಿದೆ ಎಂಬ ಸಾಲು, ಪಕ್ಕದಲ್ಲಿ 'ಅನ್‌ಬ್ಲಾಕ್' ಇದ್ದರೆ ಅದು ಇಂಟರ್‌ನೆಟ್ಟಿನಿಂದ ಇಳಿದದ್ದು. ಆ ಸಾಲು ಇಲ್ಲದ ಮಾತ್ರಕ್ಕೆ ಇಂಟರ್‌ನೆಟ್ಟಿನದಲ್ಲ ಎನ್ನುವಂತಿಲ್ಲ. ಈ ಗುರುತು ಎನ್‌ಟಿಎಫ್‌ಎಸ್ ಬಗೆಯಲ್ಲಿ ಫಾರ್ಮ್ಯಾಟ್ ಆದ ಡಿಸ್ಕಿನಲ್ಲಿ ಮಾತ್ರ ಉಳಿಯುತ್ತದೆ. ಸಾಮಾನ್ಯ ಪೆನ್‌ಡ್ರೈವ್ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಆಗಿರುವುದರಿಂದ ಅದರ ಮೂಲಕ ಬಂದ ಫೈಲು ಗುರುತು ಕಳೆದುಕೊಂಡು ಬರುತ್ತದೆ. ಇಂಟರ್‌ನೆಟ್ಟಿನದು ಎಂದು ಖಾತ್ರಿಯಾದರೆ ಕ್ರೋಮ್ ಅಥವಾ ಎಡ್ಜ್ ತೆರೆದು ಕಂಟ್ರೋಲ್ ಜೊತೆಗೆ 'ಜೆ' ಒತ್ತಿ. ಯಾವ ಫೈಲು ಯಾವ ವೆಬ್‌ಸೈಟಿನಿಂದ ಬಂತು ಎಂಬ ಪಟ್ಟಿ ಅಲ್ಲಿದೆ. ಒಂದಕ್ಕಿಂತ ಹೆಚ್ಚು ಕ್ರೋಮ್ ಪ್ರೊಫೈಲ್ ಇದ್ದರೆ ಪ್ರತಿಯೊಂದರಲ್ಲೂ ನೋಡಬೇಕು, ಏಕೆಂದರೆ ಪಟ್ಟಿಗಳು ಬೇರೆ ಬೇರೆ, ಇಳಿಯುವ ಡೌನ್‌ಲೋಡ್ಸ್ ಫೋಲ್ಡರ್ ಮಾತ್ರ ಒಂದೇ. ಇನ್‌ಕಾಗ್ನಿಟೊ ಅಥವಾ ಗೆಸ್ಟ್ ಮೋಡಿನಲ್ಲಿ ಇಳಿಸಿದ್ದು ಪಟ್ಟಿಯಲ್ಲಿ ಸಿಗುವುದಿಲ್ಲ, ಆದರೆ ಫೈಲು ಫೋಲ್ಡರಿನಲ್ಲಿ ಕೂತೇ ಇರುತ್ತದೆ. ಕಿಟಕಿ ಮುಚ್ಚಿದರೆ ಎಲ್ಲ ಅಳಿಯಿತು ಎಂದುಕೊಂಡು ಜನ ಬ್ಯಾಂಕ್ ಸ್ಟೇಟ್‌ಮೆಂಟ್ ಬಿಟ್ಟುಹೋಗುವುದು ಹೀಗೆಯೇ.

ಹೆಸರಿನಲ್ಲಿಯೂ ಸುಳಿವಿದೆ. 'ವಾಟ್ಸಾಪ್ ಇಮೇಜ್' ಎಂದು ಶುರುವಾಗಿ ದಿನಾಂಕ, ಸಮಯ ಇದ್ದರೆ ಯಾರೋ ಇದೇ ಲ್ಯಾಪ್‌ಟಾಪಿನಲ್ಲಿ ವಾಟ್ಸಾಪ್ ವೆಬ್ ತೆರೆದು ಇಳಿಸಿದ್ದಾರೆ. 'ಐಎಂಜಿ', ದಿನಾಂಕ, ಆಮೇಲೆ 'ಡಬ್ಲ್ಯುಎ' ಮತ್ತು ನಾಲ್ಕು ಅಂಕಿ ಇದ್ದರೆ ಅದು ಮೊದಲು ಆಂಡ್ರಾಯ್ಡ್ ಫೋನಿನಲ್ಲಿ ಉಳಿದು, ಅಲ್ಲಿಂದ ಬಂದ ಫೋಟೊ. ಕೊನೆಗೆ ಕಂಸದಲ್ಲಿ 1, 2 ಎಂದಿದ್ದರೆ ಅದೇ ಹೆಸರಿನ ಫೈಲನ್ನು ಮತ್ತೆ ಇಳಿಸಿದ್ದು. 'ಕಾಪಿ' ಎಂದಿದ್ದರೆ ಕೈಯಿಂದ ಪೇಸ್ಟ್ ಮಾಡಿದ್ದು. 'ಆರ್‌ಡಿ' ಎಂದು ಶುರುವಾಗಿ ಉದ್ದಕ್ಕೆ ಅಂಕಿಗಳಿದ್ದರೆ ಹೆಚ್ಚಾಗಿ ನಾಡಕಚೇರಿಯ ಜಾತಿ ಅಥವಾ ಆದಾಯ ಪ್ರಮಾಣಪತ್ರ. ಸ್ಕಾಲರ್‌ಶಿಪ್ ಅರ್ಜಿ ಹಾಕುವ ತಿಂಗಳುಗಳಲ್ಲಿ ಇವು ರಾಶಿ ಬೀಳುತ್ತವೆ. ತೆರೆದರೆ ಪಾಸ್‌ವರ್ಡ್ ಕೇಳುವ ಪಿಡಿಎಫ್ ಇ-ಆಧಾರ್ ಅಥವಾ ಬ್ಯಾಂಕ್ ಸ್ಟೇಟ್‌ಮೆಂಟ್ ಆಗಿರಬಹುದು. ಇ-ಆಧಾರ್‌ನ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷ, ಅಂದರೆ ಪರಿಚಯದವರು ಯಾರೂ ಊಹಿಸಬಹುದಾದದ್ದು. ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಎಂದು ಹಂಚಿಕೊಂಡ ಲ್ಯಾಪ್‌ಟಾಪಿನಲ್ಲಿ ಬಿಟ್ಟುಹೋಗಬಾರದು ಎನ್ನುವುದು ಇದಕ್ಕೇ.

ಹೆದರಬೇಕಿಲ್ಲದವು

ಡೆಸ್ಕ್‌ಟಾಪಿನಲ್ಲಿ ಮಸುಕಾಗಿ ಎರಡು 'ಡೆಸ್ಕ್‌ಟಾಪ್.ಐಎನ್‌ಐ' ಕಂಡರೆ ವಿಂಡೋಸ್ ಅಡಗಿಸಿಡುವ ಸಿಸ್ಟಂ ಫೈಲುಗಳೂ ಕಾಣುವಂತೆ ಯಾರೋ ಸೆಟ್ಟಿಂಗ್ ಬದಲಿಸಿದ್ದಾರೆ, ಅಷ್ಟೇ. ನಿಮ್ಮ ಡೆಸ್ಕ್‌ಟಾಪಿನದೊಂದು, ಎಲ್ಲ ಅಕೌಂಟುಗಳಿಗೂ ಸೇರಿದ 'ಪಬ್ಲಿಕ್ ಡೆಸ್ಕ್‌ಟಾಪ್'ನದೊಂದು. '~$' ಎಂದು ಶುರುವಾಗುವ 1 ಕೆಬಿಯ ಫೈಲು ವರ್ಡ್ ಅಥವಾ ಎಕ್ಸೆಲ್ ಫೈಲು ತೆರೆದಿರುವಾಗ ಹುಟ್ಟಿ, ಮುಚ್ಚಿದಾಗ ಅಳಿಯುವಂಥದು. ಬ್ಯಾಟರಿ ಕೆಟ್ಟ ಲ್ಯಾಪ್‌ಟಾಪಿನಲ್ಲಿ ಕರೆಂಟ್ ಹೋದಾಗ ಉಳಿದುಬಿಡುತ್ತದೆ. ವರ್ಡ್ ಮುಚ್ಚಿರುವಾಗ ಅಳಿಸಬಹುದು. 'ಫೌಂಡ್.000' ಎಂಬ ಫೋಲ್ಡರ್, ಒಳಗೆ ಸಿಎಚ್‌ಕೆ ಫೈಲುಗಳು ಇದ್ದರೆ ಅವು ಡಿಸ್ಕ್ ಪರೀಕ್ಷೆಯ ವೇಳೆ ವಿಂಡೋಸ್ ಒಟ್ಟುಮಾಡಿದ ಚೂರುಗಳು. ಕಾಪಿ ನಡೆಯುತ್ತಿರುವಾಗ ಪೆನ್‌ಡ್ರೈವ್ ಕಿತ್ತರೆ ಇಂಥವು ಉಂಟಾಗುತ್ತವೆ. ಪೆನ್‌ಡ್ರೈವ್‌ನಲ್ಲಿನ 'ಸಿಸ್ಟಂ ವಾಲ್ಯೂಮ್ ಇನ್ಫರ್ಮೇಷನ್' ವಿಂಡೋಸಿನದೇ. 'ಸಿಆರ್‌ಡೌನ್‌ಲೋಡ್' ಎಂಬ ಬಾಲ ಕ್ರೋಮಿನಲ್ಲಿ ಅರ್ಧಕ್ಕೆ ನಿಂತ ಡೌನ್‌ಲೋಡ್. 'ವಿಂಡೋಸ್.ಓಲ್ಡ್' ದೊಡ್ಡ ಅಪ್‌ಡೇಟಿನ ನಂತರ ಉಳಿದ ಹಳೆಯ ವಿಂಡೋಸ್. ಸಾಮಾನ್ಯವಾಗಿ 10 ದಿನಕ್ಕೆ ತಾನೇ ಹೋಗುತ್ತದೆ.

ನಮ್ಮ ಭಾಗದಲ್ಲಿ ವೈರಸ್ ಎಂಬ ಆರೋಪ ಹೊರುವ ಇನ್ನೂ ಎರಡು ಬಗೆ ಇವೆ. ವರ್ಡ್ ಫೈಲು ತೆರೆದರೆ ಪುಟದ ತುಂಬ ಕೊಂಬು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಗೊಂದಲ. ಅದು ಕೆಟ್ಟ ಫೈಲಲ್ಲ, ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ. ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಈಗಲೂ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡುವವರಿದ್ದಾರೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಹಾಕಿಕೊಂಡು, ಎಲ್ಲವನ್ನೂ ಆಯ್ದು ನುಡಿ ಫಾಂಟ್ ಕೊಟ್ಟರೆ ಅರ್ಜಿಯೋ ಆದೇಶವೋ ಕನ್ನಡದಲ್ಲಿ ಓದಲು ಬರುತ್ತದೆ. ಇನ್ನೊಂದು, ಐಎನ್‌ಪಿ ಎಂಬ ಬಾಲದ ಫೈಲು. ಅದು ಇನ್‌ಪೇಜ್ ಎಂಬ ಉರ್ದು ಡಿಟಿಪಿ ತಂತ್ರಾಂಶದ್ದು. ಬೀದರ್, ಕಲಬುರಗಿಯಲ್ಲಿ ಮದುವೆ ಪತ್ರಿಕೆ, ಶಾಲೆಯ ಪ್ರಶ್ನೆಪತ್ರಿಕೆ ಅದರಲ್ಲಿ ತಯಾರಾಗುತ್ತವೆ. ವರ್ಡ್‌ನಲ್ಲಿ ತೆರೆಯದ ಕಾರಣಕ್ಕೆ ಅಳಿಸಿಬಿಟ್ಟರೆ ಒಬ್ಬರ ದಿನಗಟ್ಟಲೆ ಕೆಲಸ ಹೋಗುತ್ತದೆ.

ಪೆನ್‌ಡ್ರೈವ್‌ನಿಂದ ಬರುವ ಶಾರ್ಟ್‌ಕಟ್ ವೈರಸ್

ಝೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಒಯ್ದು ಪ್ರಿಂಟ್ ತೆಗೆಸಿಕೊಂಡು ಬಂದು ಚುಚ್ಚಿದರೆ, ಒಳಗಿದ್ದ ಫೋಲ್ಡರುಗಳೆಲ್ಲ ಮಾಯ. ಬದಲಿಗೆ ಅವೇ ಹೆಸರಿನ, ಮೂಲೆಯಲ್ಲಿ ಸಣ್ಣ ಬಾಣ ಇರುವ, 1–2 ಕೆಬಿ ಶಾರ್ಟ್‌ಕಟ್‌ಗಳು. ಕೆಲವು ಸಲ ಪೆನ್‌ಡ್ರೈವ್‌ನ ಹೆಸರನ್ನೇ ಹೊತ್ತ ಒಂದೇ ಒಂದು ಶಾರ್ಟ್‌ಕಟ್. ಡಬಲ್ ಕ್ಲಿಕ್ ಮಾಡಿದರೆ ಫೋಲ್ಡರ್ ತೆರೆಯುತ್ತದೆ, ಎಲ್ಲ ಸರಿಯಿದೆ ಎನಿಸುತ್ತದೆ. ಆದರೆ ಅದೇ ಕ್ಲಿಕ್ಕಿನಲ್ಲಿ ವೈರಸ್ ಲ್ಯಾಪ್‌ಟಾಪಿಗೆ ಇಳಿದಿರುತ್ತದೆ. ಖಾತ್ರಿ ಮಾಡಿಕೊಳ್ಳಲು ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್, 'ಪ್ರಾಪರ್ಟೀಸ್', 'ಟಾರ್ಗೆಟ್' ಸಾಲು ನೋಡಿ. ಅಲ್ಲಿ ಫೋಲ್ಡರಿನ ದಾರಿಯ ಬದಲು 'ಸಿಎಂಡಿ.ಇಎಕ್ಸ್‌ಇ', 'ಡಬ್ಲ್ಯುಸ್ಕ್ರಿಪ್ಟ್.ಇಎಕ್ಸ್‌ಇ', 'ರನ್‌ಡಿಎಲ್‌ಎಲ್32.ಇಎಕ್ಸ್‌ಇ' ಇಂಥದ್ದು ಕಂಡರೆ ಅನುಮಾನವೇ ಬೇಡ.

ನಿಮ್ಮ ಫೈಲುಗಳು ಎಲ್ಲಿಯೂ ಹೋಗಿಲ್ಲ, ವೈರಸ್ ಅವನ್ನು ಅಡಗಿಸಿದೆ. ಇಲ್ಲಿ ಕೆಲಸದ ಕ್ರಮ ಮುಖ್ಯ. ಮೊದಲು ಪೆನ್‌ಡ್ರೈವ್ ತೆಗೆದು ಬದಿಗಿಡಿ, ಲ್ಯಾಪ್‌ಟಾಪನ್ನು ಶುಚಿ ಮಾಡಿ. ಲ್ಯಾಪ್‌ಟಾಪಿನೊಳಗೆ ವೈರಸ್ ಎಚ್ಚರವಿದ್ದರೆ ನೀವು ಶುಚಿ ಮಾಡಿದ ಪೆನ್‌ಡ್ರೈವ್ ಚುಚ್ಚಿದ ಕೆಲವೇ ಸೆಕೆಂಡಿನಲ್ಲಿ ಮತ್ತೆ ಕೆಡುತ್ತದೆ. ಹತ್ತು ಸಲ ಫಾರ್ಮ್ಯಾಟ್ ಮಾಡಿದರೂ ಹೋಗುತ್ತಿಲ್ಲ ಎನ್ನುವವರ ತೊಂದರೆ ಇದೇ. 'ವಿಂಡೋಸ್ ಸೆಕ್ಯುರಿಟಿ' ತೆರೆದು 'ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್', 'ಸ್ಕ್ಯಾನ್ ಆಪ್ಷನ್ಸ್', ಅದರಲ್ಲಿ 'ಆಫ್‌ಲೈನ್ ಸ್ಕ್ಯಾನ್' ಆರಿಸಿ. ಲ್ಯಾಪ್‌ಟಾಪ್ ಮರುಶುರುವಾಗಿ, ವಿಂಡೋಸ್ ಏಳುವ ಮುಂಚೆಯೇ ಸುಮಾರು 15 ನಿಮಿಷ ಹುಡುಕುತ್ತದೆ. ಚಾರ್ಜರ್ ಹಾಕಿಯೇ ಇರಿ, ಬೇರೆಯವರು ತೆರೆದಿಟ್ಟ ಕೆಲಸವನ್ನು ಮೊದಲು ಸೇವ್ ಮಾಡಿ.

ಆಮೇಲೆ ಅಡಗಿದ್ದನ್ನು ಕಾಣಿಸಿ. ಫೈಲ್ ಎಕ್ಸ್‌ಪ್ಲೋರರಿನ 'ಆಪ್ಷನ್ಸ್' ತೆರೆದು 'ವ್ಯೂ' ಟ್ಯಾಬಿನಲ್ಲಿ 'ಶೋ ಹಿಡನ್ ಫೈಲ್ಸ್' ಆರಿಸಿ, 'ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಂ ಫೈಲ್ಸ್' ಎಂಬುದರ ಟಿಕ್ ತೆಗೆಯಿರಿ. ಬರೀ ಮೊದಲನೆಯದು ಸಾಲದು, ವೈರಸ್ ಫೈಲುಗಳಿಗೆ ಸಿಸ್ಟಂ ಮುದ್ರೆಯನ್ನೂ ಒತ್ತಿರುತ್ತದೆ. ಈಗ ಪೆನ್‌ಡ್ರೈವ್ ಚುಚ್ಚಿ, ಎಡಗಡೆಯ ಪಟ್ಟಿಯಿಂದ ತೆರೆಯಿರಿ. ಮೂಲ ಫೋಲ್ಡರುಗಳು ಮಸುಕಾಗಿ ಕಾಣುತ್ತವೆ; ಕೆಲವು ಬಗೆಯ ವೈರಸ್ ಎಲ್ಲವನ್ನೂ ಹೆಸರೇ ಕಾಣದ ಒಂದು ಫೋಲ್ಡರಿನಲ್ಲಿ ತುಂಬಿರುತ್ತದೆ, ಅದರೊಳಗೂ ನೋಡಿ. ಪಿಡಿಎಫ್, ವರ್ಡ್, ಫೋಟೊಗಳನ್ನು ಮಾತ್ರ ಲ್ಯಾಪ್‌ಟಾಪಿನ ಹೊಸ ಫೋಲ್ಡರಿಗೆ ಕಾಪಿ ಮಾಡಿ. ಶಾರ್ಟ್‌ಕಟ್, ವಿಬಿಎಸ್, ಇಎಕ್ಸ್‌ಇ ಒಂದೂ ಬೇಡ. ಆ ಹೊಸ ಫೋಲ್ಡರನ್ನು ರೈಟ್ ಕ್ಲಿಕ್ ಮಾಡಿ ವಿಂಡೋಸಿನದೇ ಆಂಟಿವೈರಸ್ ಆದ ಡಿಫೆಂಡರ್‌ನಿಂದ ಸ್ಕ್ಯಾನ್ ಮಾಡಿ, ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ, ಫೈಲುಗಳನ್ನು ವಾಪಸ್ ಹಾಕಿ. ತೆಗೆದ ಟಿಕ್ಕನ್ನು ಮರಳಿ ಹಾಕುವುದನ್ನು ಮರೆಯಬೇಡಿ, ಇಲ್ಲದಿದ್ದರೆ ನಿಮ್ಮ ನಂತರ ಕೂತವರು ಸಿ ಡ್ರೈವ್‌ನಲ್ಲಿ ಕಂಡ ಅಪರಿಚಿತ ಸಿಸ್ಟಂ ಫೈಲುಗಳನ್ನು ಅಳಿಸಲು ಹೊರಡುತ್ತಾರೆ.

ಪ್ರಿಂಟಿಗೆ ಒಯ್ಯಲು ಬೇರೆಯೇ ಒಂದು ಪೆನ್‌ಡ್ರೈವ್ ಇಡಿ, ಅದರಲ್ಲಿ ಆ ದಿನದ ಪಿಡಿಎಫ್ ಬಿಟ್ಟು ಏನೂ ಇರಬಾರದು.

ಯಾರೂ ಇಡದೆ ಬರುವ ಫೈಲು

ಮನೆಯಲ್ಲಿ ಒಬ್ಬರು ತಮ್ಮ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದರೆ ಮೈಕ್ರೋಸಾಫ್ಟಿನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್, ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳನ್ನು ತನ್ನ ವಶಕ್ಕೆ ತೆಗೆದುಕೊಳ್ಳಬಹುದು. ಆಗ ಅವರು ಬೆಂಗಳೂರಿನ ಆಫೀಸ್ ಕಂಪ್ಯೂಟರಿನಲ್ಲಿ ಉಳಿಸಿದ ಫೈಲು ಕಲಬುರಗಿಯ ಮನೆಯ ಡೆಸ್ಕ್‌ಟಾಪಿನ ಮೇಲೆ ಪ್ರತ್ಯಕ್ಷವಾಗುತ್ತದೆ. ಗುರುತು ಸುಲಭ: ಫೈಲಿನ ಪಕ್ಕ ನೀಲಿ ಮೋಡ ಅಥವಾ ಹಸಿರು ಟಿಕ್. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ, ಹಾಗಾಗಿ ಕೈ ಹಾಕಲೇಬೇಡಿ. ಅಳಿಸಿ ಆಗಿದ್ದರೆ ಆ ಅಕೌಂಟಿನ ಒನ್‌ಡ್ರೈವ್ ವೆಬ್‌ಸೈಟಿನ ರೀಸೈಕಲ್ ಬಿನ್‌ನಲ್ಲಿ 30 ದಿನ ಇರುತ್ತದೆ. ಸರಿಯಾದ ದಾರಿ: ಕೆಳಗಿನ ಪಟ್ಟಿಯ ಮೋಡದ ಚಿತ್ರ, 'ಸೆಟ್ಟಿಂಗ್ಸ್', 'ಅಕೌಂಟ್', 'ಅನ್‌ಲಿಂಕ್ ದಿಸ್ ಪಿಸಿ'. ಅದನ್ನು ಅಕೌಂಟಿನವರೇ ಮಾಡಲಿ.

ನಿಜವಾಗಿ ಹೆದರಬೇಕಾದ ಗುರುತುಗಳು

ಫೈಲುಗಳ ಹೆಸರಿಗೆಲ್ಲ ಒಂದೇ ವಿಚಿತ್ರ ಬಾಲ ಅಂಟಿ, ಯಾವುದೂ ತೆರೆಯದೆ, ಪ್ರತಿ ಫೋಲ್ಡರಿನಲ್ಲೂ ಹಣ ಕೇಳುವ ಟೆಕ್ಸ್ಟ್ ಫೈಲು ಇದ್ದರೆ ಅದು ರ‍್ಯಾನ್ಸಮ್‌ವೇರ್. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಿಕೊಂಡ ಲ್ಯಾಪ್‌ಟಾಪುಗಳಿಗೆ ಇದು ತಗಲುವ ಸಂಭವ ಹೆಚ್ಚು. ಆ ಕ್ಷಣವೇ ವೈಫೈ ಆಫ್ ಮಾಡಿ, ಪೆನ್‌ಡ್ರೈವ್ ಕೀಳಿ, ಒನ್‌ಡ್ರೈವ್ ನಿಲ್ಲಿಸಿ. ಹಣ ಕಟ್ಟಬೇಡಿ, ಬೀಗ ಬಿದ್ದ ಫೈಲುಗಳನ್ನು ಅಳಿಸಲೂ ಬೇಡಿ. 2016ರಲ್ಲಿ ಯುರೋಪೋಲ್ ಮತ್ತು ಡಚ್ ಪೊಲೀಸರು ಭದ್ರತಾ ಕಂಪನಿಗಳ ಜೊತೆ ಸೇರಿ ಶುರುಮಾಡಿದ 'ನೋ ಮೋರ್ ರ‍್ಯಾನ್ಸಮ್' ಜಾಲತಾಣದಲ್ಲಿ ಕೆಲವು ಬಗೆಗಳಿಗೆ ಉಚಿತ ಬೀಗದಕೈ ಸಿಗುತ್ತದೆ.

ಎನಿಡೆಸ್ಕ್‌ನಂಥ ದೂರದಿಂದ ನಡೆಸುವ ತಂತ್ರಾಂಶ ಕಂಡು, ಹಾಕಿದ್ದು ಯಾರೆಂದು ತಿಳಿಯದಿದ್ದರೆ ಇಂಟರ್‌ನೆಟ್ ತೆಗೆದು ಅದನ್ನು ಅನ್‌ಇನ್‌ಸ್ಟಾಲ್ ಮಾಡಿ. ಆ ಲ್ಯಾಪ್‌ಟಾಪಿನಲ್ಲಿ ಬಳಸಿದ ಬ್ಯಾಂಕ್, ಜಿಮೇಲ್ ಪಾಸ್‌ವರ್ಡುಗಳನ್ನು ಬೇರೊಂದು ಫೋನಿನಿಂದ ಬದಲಿಸಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೂ ದೂರು ಕೊಡಿ. ಡೌನ್‌ಲೋಡ್ಸ್‌ನಲ್ಲಿ ಮದುವೆ ಕರೆಯೋಲೆ, ಟ್ರಾಫಿಕ್ ಚಲನ್, ಪಿಎಂ ಕಿಸಾನ್ ಎಂಬ ಹೆಸರಿನ ಎಪಿಕೆ (ಆಂಡ್ರಾಯ್ಡ್ ಆ್ಯಪ್) ಫೈಲಿದ್ದರೆ ಅದು ಲ್ಯಾಪ್‌ಟಾಪಿಗೆ ಏನೂ ಮಾಡದು, ಆದರೆ ಫೋನಿಗೆ ಹೋದರೆ ಎಸ್‌ಎಂಎಸ್, ಓಟಿಪಿ ಕದಿಯುತ್ತದೆ. ಅದೇ ವಾಟ್ಸಾಪ್ ಸಂದೇಶ ಯಾರ ಫೋನಿಗೆ ಬಂದಿದೆ ಎಂದು ಅವತ್ತೇ ಮನೆಯವರನ್ನೆಲ್ಲ ಕೇಳಿ.

ಅನುಮಾನದ ಫೈಲನ್ನು, ಹಲವು ಆಂಟಿವೈರಸ್‌ಗಳಿಂದ ಪರೀಕ್ಷಿಸುವ ವೈರಸ್‌ಟೋಟಲ್ ಜಾಲತಾಣಕ್ಕೆ ಹಾಕಿ ನೋಡಬಹುದು. ಅಲ್ಲಿಗೆ ಹಾಕಿದ್ದು ಭದ್ರತಾ ಸಂಶೋಧಕರಿಗೂ ಸಿಗುತ್ತದೆ, ಹಾಗಾಗಿ ಆಧಾರ್, ಅಂಕಪಟ್ಟಿ, ಆಸ್ಪತ್ರೆಯ ರಿಪೋರ್ಟ್ ಇವನ್ನು ಹಾಕಬಾರದು.

ಯಾರದೆಂದು ತಿಳಿಯದೇ ಉಳಿದರೆ

ಡೆಸ್ಕ್‌ಟಾಪಿನಲ್ಲಿ 'ಇವು ಯಾರವು' ಎಂಬ ಫೋಲ್ಡರ್ ಮಾಡಿ, ಪ್ರೋಗ್ರಾಂ ಅಲ್ಲದ್ದನ್ನೆಲ್ಲ ಅದಕ್ಕೆ ಸರಿಸಿ, ಎಲ್ಲರಿಗೂ ತಿಳಿಸಿ, ಒಂದು ತಿಂಗಳು ಬಿಡಿ. ಆಮೇಲೆ ಅಳಿಸುವಾಗಲೂ ರೀಸೈಕಲ್ ಬಿನ್ ಮೂಲಕವೇ ಅಳಿಸಿ. ಬೇರೆಯವರ ಫೋಟೊ, ಚೀಟಿಗಳು ಕಣ್ಣಿಗೆ ಬಿದ್ದರೆ ಓದದೆ ಮುಚ್ಚಿ. ಯಾರದೆಂದು ತಿಳಿಯುವಷ್ಟು ನೋಡಿದರೆ ಸಾಕು. ಝೆರಾಕ್ಸ್, ಆನ್‌ಲೈನ್ ಸೆಂಟರ್ ನಡೆಸುವವರ ಮಾತು ಬೇರೆ: ಗಿರಾಕಿಗಳ ಆಧಾರ್, ಪಾಸ್‌ಬುಕ್ ಅಂದಂದೇ ಶಿಫ್ಟ್-ಡಿಲೀಟ್ ಆಗಬೇಕು, ವಾಟ್ಸಾಪಿನ ಚಾಟ್‌ನಿಂದಲೂ ಹೋಗಬೇಕು.

ಮುಂದೆ ಈ ತೊಂದರೆ ಬಾರದಿರಲು ಒಬ್ಬೊಬ್ಬರಿಗೂ ಬೇರೆ ಅಕೌಂಟ್ ಮಾಡಿ. 'ಸೆಟ್ಟಿಂಗ್ಸ್', 'ಅಕೌಂಟ್ಸ್', 'ಅದರ್ ಯೂಸರ್ಸ್', 'ಆ್ಯಡ್ ಅಕೌಂಟ್'. ವಿಂಡೋಸ್ 10 ಆದರೆ ಕೊನೆಯ ಎರಡರ ಬದಲು 'ಫ್ಯಾಮಿಲಿ ಅಂಡ್ ಅದರ್ ಯೂಸರ್ಸ್', 'ಆ್ಯಡ್ ಸಮ್‌ಒನ್ ಎಲ್ಸ್ ಟು ದಿಸ್ ಪಿಸಿ'. ಇಮೇಲ್ ಕೇಳಿದಾಗ ಆ ವ್ಯಕ್ತಿಯ ವಿವರ ನನ್ನಲ್ಲಿಲ್ಲ ಎಂಬ ಸಾಲು ಒತ್ತಿ, ಮುಂದಿನ ಪುಟದಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಇಲ್ಲದೆ ಸೇರಿಸುವ ಆಯ್ಕೆ ತೆಗೆದುಕೊಳ್ಳಿ. ಎಲ್ಲರದೂ 'ಸ್ಟ್ಯಾಂಡರ್ಡ್ ಯೂಸರ್' ಇರಲಿ, 'ಅಡ್ಮಿನಿಸ್ಟ್ರೇಟರ್' ಒಂದೇ ಇರಲಿ, ಅದನ್ನು ದಿನನಿತ್ಯ ಬಳಸಬೇಡಿ. ಆಗ ಪ್ರತಿಯೊಬ್ಬರ ಡೌನ್‌ಲೋಡ್ಸ್, ಡೆಸ್ಕ್‌ಟಾಪ್ ಬೇರೆಯಾಗುತ್ತದೆ, ಓನರ್ ಅಂಕಣಕ್ಕೂ ಅರ್ಥ ಬರುತ್ತದೆ. ಹಂಚಿಕೊಳ್ಳುವುದನ್ನು ಸಿ ಡ್ರೈವ್‌ನ 'ಯೂಸರ್ಸ್' ಒಳಗಿನ 'ಪಬ್ಲಿಕ್' ಫೋಲ್ಡರಿಗೆ ಹಾಕಿ. ಡಿ ಡ್ರೈವ್ ಇದ್ದರೆ ಅಲ್ಲಿ ಇಟ್ಟದ್ದು ಸಾಮಾನ್ಯವಾಗಿ ಎಲ್ಲ ಅಕೌಂಟಿಗೂ ಕಾಣುತ್ತದೆ, ಖಾಸಗಿ ಕಾಗದ ಅಲ್ಲಿ ಬೇಡ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 11ಕ್ಕೆ ಏರುವ ಸಾಮರ್ಥ್ಯ ಲ್ಯಾಪ್‌ಟಾಪಿಗೆ ಇದ್ದರೆ ಅದೂ ಆಗಲಿ.

ಪರೀಕ್ಷೆ ಮುಗಿಸಿ ರೂಮು ಬಿಡುವವರು ಮೊದಲು ತಮ್ಮ ಫೈಲುಗಳನ್ನು ಪೆನ್‌ಡ್ರೈವ್‌ಗೆ ತೆಗೆದುಕೊಳ್ಳಲಿ, ಫೋನಿನ ವಾಟ್ಸಾಪಿನಲ್ಲಿ 'ಲಿಂಕ್ಡ್ ಡಿವೈಸಸ್' ತೆರೆದು ಈ ಲ್ಯಾಪ್‌ಟಾಪನ್ನು ಲಾಗೌಟ್ ಮಾಡಲಿ, ಗೂಗಲ್ ಅಕೌಂಟಿನ ಡಿವೈಸ್ ಪಟ್ಟಿಯಿಂದಲೂ ತೆಗೆಯಲಿ. ಅಷ್ಟಾದ ಮೇಲೆಯೇ ಅವರ ಅಕೌಂಟಿನ 'ರಿಮೂವ್' ಒತ್ತಿ; ಅದರ ಜೊತೆಗೆ ಅವರ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎಲ್ಲವೂ ಅಳಿಯುತ್ತವೆ, ರೀಸೈಕಲ್ ಬಿನ್‌ಗೂ ಬರುವುದಿಲ್ಲ.